ಹೆಸರಿಲ್ಲದ ಜಡ್ಡು

ಮುಕ್ತಾಬಾಯಿಗೆ ಏನೂ ಆಗಿಲ್ಲ ಎಂದು ಮೊದಲು ಹೇಳಿದವರು ಬೆಹಾಲಾದಲ್ಲಿ ಅವರ ಓಣಿಯ ತಿರುವಿನಲ್ಲೇ ಕೂರುತ್ತಿದ್ದ ಡಾಕ್ಟರು. ಆಮೇಲೆ ರಕ್ತಪರೀಕ್ಷೆ ಹೇಳಿತು, ಇ.ಸಿ.ಜಿ. ಹೇಳಿತು, ಎದೆಯ ಎಕ್ಸ್‌ರೇ ಹೇಳಿತು. ಗಂಟಲಿನೊಳಗೆ ನಳಿಗೆ ಇಳಿಸಿ ನೋಡಿದ ದೊಡ್ಡ ಆಸ್ಪತ್ರೆಯವರೂ ಕಡೆಗೆ ಅದನ್ನೇ ಹೇಳಿದರು. "ಕಿಛು ಹೊಯ್‌ನಿ ದೀದಿ, ಏನೂ ಆಗಿಲ್ಲ" ಎಂದು ಓಣಿಯ ಡಾಕ್ಟರು ರಿಪೋರ್ಟುಗಳನ್ನೆಲ್ಲ ಜೋಡಿಸಿ ಕೈಗಿತ್ತಾಗ ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಮುಕ್ತಾಬಾಯಿಗೆ ಅಳು ಬಂತು. ನಪಾಸಾದ ಹುಡುಗಿಯ ಹಾಗೆ ಫೈಲನ್ನು ಎದೆಗೊತ್ತಿಕೊಂಡು ಹೊರಗೆ ಬಂದರು.

ಏಕೆಂದರೆ ಏನೋ ಆಗುತ್ತಿತ್ತು. ಆಷಾಢದಿಂದ ಈಚೆಗೆ ಎದೆಯ ಮೇಲೆ ಯಾರೋ ಒರಳುಕಲ್ಲು ತಂದಿಟ್ಟ ಹಾಗೆ ಭಾರ. ಬೆಳಿಗ್ಗೆ ಎದ್ದರೆ ಕೈಕಾಲು ಸೋತು ಬರುತ್ತಿದ್ದವು. ಎಲ್ಲಕ್ಕಿಂತ ವಿಚಿತ್ರವಾದದ್ದು ಊಟ. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಎರಡನೆಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ನೀರು ಕುಡಿದು ಕೆಳಗೆ ದೂಡಬೇಕು. ಅದೇ ಗಂಟಲು ಆಫೀಸಿನ ಕ್ಯಾಂಟೀನಿನಲ್ಲಿ, ಅಕ್ಕಪಕ್ಕದ ತಟ್ಟೆಗಳ ಮೀನಿನ ವಾಸನೆಯ ನಡುವೆಯೂ, ಅನ್ನ ಬೇಳೆಯನ್ನು ತಕರಾರಿಲ್ಲದೆ ನುಂಗುತ್ತಿತ್ತು. ಈ ಒಂದು ಸಂಗತಿಯನ್ನು ಅವರು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಹೇಳಿದರೆ ನಕ್ಕಾರು ಎಂಬ ಭಯ.

ಮುಕ್ತಾಬಾಯಿ ಧಾರವಾಡದವರು. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ವಿಶ್ವೇಶ್ವರರಾಯರ ಕೈಹಿಡಿದು ಕಲ್ಕತ್ತಾಕ್ಕೆ ಬಂದು, ಗಾರ್ಡನ್ ರೀಚಿನ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದರು. ಮಕ್ಕಳಾಗಲಿಲ್ಲ. ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿದರು, ಊರವರ ಮಕ್ಕಳನ್ನೆಲ್ಲ ತಮ್ಮವೆಂದರು. ರಾಯರು ಹೋದ ಮೇಲೆ ಕ್ವಾರ್ಟರ್ಸು ಬಿಡಬೇಕಾಯಿತು. ಊರಿಗೆ ಹೋಗೋಣವೆಂದರೆ ಹುಬ್ಬಳ್ಳಿಯಲ್ಲಿರುವ ತಮ್ಮ ಬಾಲಕೃಷ್ಣನ ಮನೆ ಅವನ ಸಂಸಾರಕ್ಕೇ ಸಾಲದು. ಹಾಗಾಗಿ ಬೆಹಾಲಾದ ಒಂದು ಮಾಳಿಗೆಯ ಮೇಲೆ ಬಾಡಿಗೆಗೆ ಸೇರಿದರು. ಕೆಳಗಿನ ಮನೆಯಾಕೆ, ಓಣಿಯವರೆಲ್ಲ ಬೌದಿ ಅಂದರೆ ಅತ್ತಿಗೆ ಎಂದು ಕರೆಯುವವಳು, ಒಳ್ಳೆಯವಳು, ಆದರೆ ಅವಳಿಗೆ ಅವಳದೇ ಅತ್ತೆ, ಅವಳದೇ ಟಿ.ವಿ. ಧಾರಾವಾಹಿ.

ಅದೇ ಹೊತ್ತಿಗೆ ಸಾಲ್ಟ್ ಲೇಕಿನ ಸೆಕ್ಟರ್ ಐದರಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದವು. ಇಂಗ್ಲಿಷ್ ಬಂದರೆ ಸಾಕು, ಕರೆದು ಕೆಲಸ ಕೊಡುವ ಕಾಲ. ಅಂಥ ಒಂದು ಕಂಪನಿಯಲ್ಲಿ ಮುಕ್ತಾಬಾಯಿ ತರಬೇತಿ ಕೊಡುವ ಟೀಚರಾದರು. ಕೆಲಸ ಇಷ್ಟೆ: ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ, ಕಂಡದ್ದನ್ನು ಬಾಯಲ್ಲಿ ಹೇಳಿ ರೆಕಾರ್ಡು ಮಾಡುತ್ತಾರೆ. ಆ ಧ್ವನಿ ಸಮುದ್ರ ದಾಟಿ ಬರುತ್ತದೆ, ಇಲ್ಲಿನ ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಟೈಪು ಮಾಡುತ್ತಾರೆ. ಹೊಸಬರ ಕೈಗೆ ನಿಜವಾದ ರೋಗಿಗಳನ್ನು ಕೊಡುವಂತಿಲ್ಲ. ಆದ್ದರಿಂದ ಟೀಚರೇ ಅಮೆರಿಕದ ಡಾಕ್ಟರಾಗಿ, ಇಲ್ಲದ ರೋಗಿಗಳನ್ನು ಹುಟ್ಟಿಸಿ, ಅವರ ಕಥೆಯನ್ನು ಮೈಕಿಗೆ ಹೇಳಬೇಕು. ಧಾರವಾಡದ ಹೆಣ್ಣುಮಗಳ ಮೂಗಿನಿಂದ ಟೆಕ್ಸಾಸಿನ ಇಂಗ್ಲಿಷು ಹೊರಡುವುದನ್ನು ರಾಯರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಈ ಎರಡು ವರ್ಷಗಳಲ್ಲಿ ಮುಕ್ತಾಬಾಯಿ ಎಷ್ಟೋ ಹೃದಯಗಳನ್ನು ಕೆಡಿಸಿದ್ದರು, ಎಷ್ಟೋ ಮೊಣಕಾಲುಗಳನ್ನು ಸವೆಸಿದ್ದರು. ಒಬ್ಬರನ್ನೂ ಸಾಯಿಸಿರಲಿಲ್ಲ.

ಪದಗಳ ವಿಷಯದಲ್ಲಿ ಅವರು ಕಟ್ಟುನಿಟ್ಟು. ಹೊಸ ತಂಡಕ್ಕೆ ಮೊದಲ ವಾರವೇ ಒಂದು ಪಾಠ ಇರುತ್ತಿತ್ತು. ಬೋರ್ಡಿನ ಮೇಲೆ ಡಿಸೀಸ್, ಇಲ್‌ನೆಸ್, ಸಿಕ್‌ನೆಸ್ ಎಂದು ಮೂರು ಮಾತು ಬರೆದು, ಮೂರೂ ಒಂದೇ ಅಂದವರನ್ನು ನಿಲ್ಲಿಸಿಬಿಡುತ್ತಿದ್ದರು. ಡಿಸೀಸ್ ಡಾಕ್ಟರದು: ರಕ್ತದಲ್ಲಿ, ಎಲುಬಿನಲ್ಲಿ, ಯಂತ್ರಕ್ಕೆ ಕಾಣುವಂಥದು. ಇಲ್‌ನೆಸ್ ಪೇಶಂಟಿನದು: ಮೈಗೆ, ಮನಸ್ಸಿಗೆ ತಿಳಿಯುವಂಥದು. ಸಿಕ್‌ನೆಸ್ ಮಾತ್ರ ನಾಲ್ಕು ಜನರದು: ಇವರಿಗೆ ಮೈ ಸರಿಯಿಲ್ಲ, ಮಲಗಿರಲಿ, ಕೆಲಸಕ್ಕೆ ಬರುವುದು ಬೇಡ ಎಂದು ಮನೆಯವರೂ ಆಫೀಸೂ ಒಪ್ಪಿಕೊಂಡರೆ ಆಗ ಸಿಕ್. ಅದಕ್ಕೇ ರಜೆಗೆ ಸಿಕ್ ಲೀವ್ ಅನ್ನುತ್ತಾರೆಯೇ ಹೊರತು ಇಲ್ ಲೀವ್ ಅನ್ನುವುದಿಲ್ಲ. ಇಂಗ್ಲೆಂಡಿನವನು ಕಾರಿನಲ್ಲಿ ಸಿಕ್ ಆದೆ ಅಂದರೆ ವಾಂತಿ ಮಾಡಿಕೊಂಡ ಎಂದೇ ಲೆಕ್ಕ, ಅಮೆರಿಕದವನು ಅಂದರೆ ಬರೀ ನೆಗಡಿಯೂ ಇರಬಹುದು. ಸಕ್ಕರೆ ಕಾಯಿಲೆಯವನು ಗೊತ್ತಿಲ್ಲದೆ ರಸಗುಲ್ಲಾ ತಿನ್ನುತ್ತ ಆರಾಮಾಗಿದ್ದರೆ ಅವನಿಗೆ ಡಿಸೀಸ್ ಇದೆ, ಇಲ್‌ನೆಸ್ ಇಲ್ಲ. ಹುಡುಗರು ತಲೆದೂಗಿ ಬರೆದುಕೊಳ್ಳುತ್ತಿದ್ದರು.

ಕನ್ನಡದಲ್ಲಿ ಇಷ್ಟು ತಾಪತ್ರಯ ಇಲ್ಲ ಎಂದು ಮುಕ್ತಾಬಾಯಿ ಒಮ್ಮೊಮ್ಮೆ ಅಂದುಕೊಳ್ಳುವುದಿತ್ತು. ಅವರ ತಾಯಿ ರೋಗ ಎಂಬ ಮಾತನ್ನು ಬೈಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದಳು. ಉಳಿದದ್ದೆಲ್ಲ ಜಡ್ಡು. ಜಡ್ಡು ಬಿದ್ದವರ ಹಾಸಿಗೆಯ ಹತ್ತಿರ ಯಾರಾದರೊಬ್ಬರು ಕೂತಿರಲೇಬೇಕು, ಅದು ಆ ಮನೆಯ ಪದ್ಧತಿ. ಏನು ಜಡ್ಡು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಹಾಸಿಗೆ ಹಾಸಿತೆಂದರೆ ಪಕ್ಕದಲ್ಲಿ ಒಂದು ಮಣೆಯೂ ಬೀಳುತ್ತಿತ್ತು.

ಇಲ್ಲಿ ಹಾಸಿಗೆ ಹಾಸಿಕೊಂಡರೆ ಮಣೆ ಹಾಕುವವರು ಯಾರು? ಮೈ ಏಳದ ದಿನ ಮುಕ್ತಾಬಾಯಿ ಆಫೀಸಿಗೆ ಹೋಗುತ್ತಿರಲಿಲ್ಲ. ಕರೆಯಲು ಬಂದ ಆಫೀಸಿನ ಸುಮೊ ಗಾಡಿ ಕೆಳಗೆ ಹಾರ್ನು ಹೊಡೆದು ಹೊಡೆದು ಹೊರಟುಹೋಗುತ್ತಿತ್ತು. ಹೀಗೆ ಭಾದ್ರಪದದೊಳಗೆ ಹಲವು ದಿನ ತಪ್ಪಿದವು. ದುರ್ಗಾಪೂಜೆಯ ರಜೆ ಮುಗಿದ ಮೇಲೆ ಮ್ಯಾನೇಜರು ಶ್ರೀವತ್ಸ ತನ್ನ ಗಾಜಿನ ಕೋಣೆಗೆ ಕರೆದ. ಬೆಂಗಳೂರಿನ ಹುಡುಗ, ಮರ್ಯಾದಸ್ಥ, ಮುಕ್ತಾಬಾಯಿಯ ಮುಂದೆ ಕಾಲ ಮೇಲೆ ಕಾಲು ಹಾಕಿದವನಲ್ಲ.

"ಮೇಡಂ, ನಂಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ" ಎಂದ. "ಆದ್ರೆ ಎಚ್.ಆರ್.ನವರು ಕೇಳ್ತಾರೆ. ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದುಬಿಡಿ, ಏನು ಕಾಯಿಲೆ ಅಂತ ಹೆಸರು ಬರ್ದಿರ್ಬೇಕು, ಅಷ್ಟೆ. ಇಲ್ದಿದ್ರೆ ಈ ತಿಂಗಳ ಕೊನೇಲಿ ಬೇರೆಯವರನ್ನ ತಗೊಳ್ಳಿ ಅಂತಾರೆ."

"ಹೆಸರಿಲ್ಲಪಾ ಅದಕ್ಕ. ಡಾಕ್ಟರು ಏನೂ ಇಲ್ಲ ಅಂತಾರ."

"ಏನೂ ಇಲ್ಲ ಅಂದ್ರೆ..." ಶ್ರೀವತ್ಸ ಪೆನ್ನು ತಿರುಗಿಸಿದ. "ಏನೂ ಇಲ್ಲ ಅಂದ್ರೆ ರಜಾ ಹೆಂಗೆ ಮೇಡಂ?"

ಪ್ರಶ್ನೆ ಸರಿಯಾಗಿಯೇ ಇತ್ತು. ಮುಕ್ತಾಬಾಯಿಯ ಬೋರ್ಡಿನ ಪಾಠವೇ ಅದು. ಎದ್ದು ಬಂದರು. ಕೆಲಸ ಹೋದರೆ ಉಪವಾಸ ಬೀಳುವುದಿಲ್ಲ, ರಾಯರ ಪೆನ್ಶನ್ನು ಬರುತ್ತದೆ. ಆದರೆ ಈ ನಗರದಲ್ಲಿ ತನ್ನ ಹೆಸರು ಹಿಡಿದು ಯಾರಾದರೂ ಕರೆಯುವ ಜಾಗ ಇದೊಂದೇ. ಇದೂ ಹೋದರೆ ಬೆಳಿಗ್ಗೆ ಎದ್ದು ಯಾರಿಗಾಗಿ ತಲೆ ಬಾಚಿಕೊಳ್ಳುವುದು?

ಆ ಭಾನುವಾರ ಬಾಲಕೃಷ್ಣ ಫೋನು ಮಾಡಿದಾಗ ಹೇಳಿಯೇಬಿಡೋಣ, ಅವನ ಹೆಂಡತಿ ಕೋಕಿಲಾಳನ್ನು ಕಳಿಸೆಂದು ಕೇಳೋಣ ಎಂದು ಮನಸ್ಸು ಮಾಡಿದರು.

"ಬಾಳ್ಯಾ, ನನಗ್ಯಾಕೋ ಮೈಯಾಗ ಸರಿ ಇಲ್ಲಪಾ. ಕೋಕಿಲಾನ್ನ ಒಂದೆಂಟು ದಿವಸ ಕಳಸ್ತೀಯೇನು?"

"ರಿಪೋರ್ಟ್ ಎಲ್ಲಾ ಬಂದೂವಲ್ಲಕ್ಕಾ? ಏನಂದ್ರು?"

"ಏನೂ ಇಲ್ಲ ಅಂದ್ರು."

"ಮತ್ತ! ಏನೂ ಇಲ್ಲಂದ್ರ ಛಲೋನ ಆತಲ್ಲ. ಸುಳ್ಳ ತಲಿಗೆ ಹಚ್ಕೋಬ್ಯಾಡ. ಮುಂಜಾನೆದ್ದು ಒಂದು ರೌಂಡ್ ವಾಕಿಂಗ್ ಹೋಗು."

ಅವನದೂ ತಪ್ಪಿರಲಿಲ್ಲ. ಎಲ್ಲರೂ ಸರಿಯಾಗಿಯೇ ಮಾತಾಡುತ್ತಿದ್ದರು, ಅದೇ ಮುಕ್ತಾಬಾಯಿಗೆ ಆಗಿದ್ದ ಸಂಕಟ. ಫೋನಿಟ್ಟು, ಹುಳಿ ಕುದಿಯುತ್ತಿದ್ದ ಒಲೆಯನ್ನು ಆರಿಸಿ, ಉಣ್ಣದೆ ಮಲಗಿದರು.

ಮರುದಿನ ಅಭ್ಯಾಸಕ್ಕೆ ಹೊಸ ರೋಗಿ ಬೇಕಾಗಿತ್ತು. ಧ್ವನಿ ಮುದ್ರಿಸುವ ಸಣ್ಣ ಕೋಣೆಯಲ್ಲಿ ಕೂತರು. ಕೆಂಪು ದೀಪ ಹತ್ತಿತು. ಯಾರ ಮೊಣಕಾಲೂ ಯಾರ ಪಿತ್ತಕೋಶವೂ ನೆನಪಿಗೆ ಬರಲಿಲ್ಲ. ಬಾಯಿ ತೆರೆದರೆ ಅಮೆರಿಕದ ಡಾಕ್ಟರ ದನಿಯಲ್ಲಿ ಬಂದದ್ದು, "ಐವತ್ತನಾಲ್ಕು ವರ್ಷದ ವಿಧವೆ, ಒಬ್ಬಳೇ ಇರುತ್ತಾಳೆ" ಎಂಬ ಮಾತು. ತಡೆಯಬೇಕಿತ್ತು, ತಡೆಯಲಿಲ್ಲ. ನಾನು ಎಂದು ಹೇಳಲಾರದ್ದನ್ನು ಆಕೆ ಎಂದು ಹೇಳುವುದು ಎಷ್ಟು ಸಲೀಸು! ಪೇಶಂಟು ಹೀಗೆ ಹೇಳುತ್ತಾಳೆ, ಪೇಶಂಟು ಹಾಗೆ ಹೇಳುತ್ತಾಳೆ ಎನ್ನುತ್ತ ಒರಳುಕಲ್ಲಿನ ಭಾರವನ್ನು ಹೇಳಿದರು. ಮನೆಯಲ್ಲಿ ಒಬ್ಬಳೇ ಉಣ್ಣುವಾಗ ತುತ್ತು ಇಳಿಯುವುದಿಲ್ಲ, ಜನರ ನಡುವೆ ಇಳಿಯುತ್ತದೆ ಎಂಬುದನ್ನೂ ಹೇಳಿದರು. ಕೈಕಾಲು ಸೋತು ಬರುವುದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಡಾಕ್ಟರು ಮರೆತೇಹೋಗಿ, ಆಕೆಯ ಕೈಕಾಲುಗಳು ಸೋಲೊಪ್ಪುತ್ತವೆ ಎಂದು ಧಾರವಾಡವೇ ಇಂಗ್ಲಿಷಿನಲ್ಲಿ ಮಾತಾಡಿತು. ಪರೀಕ್ಷೆಗಳೆಲ್ಲ ಸರಿ ಎಂದರು. ಕೊನೆಗೆ ಡಾಕ್ಟರು ತನ್ನ ತೀರ್ಮಾನ ಹೇಳಬೇಕಾದ ಸಾಲು ಬಂತು. ಅದನ್ನು ಹೇಳದೆ ಕೆಂಪು ದೀಪ ಆರಿಸಿದರು.

ಎದೆ ಹಗುರಾಗಿತ್ತು. ಅಳಿಸಿಹಾಕಿ ಬೇರೆ ಮಾಡಬಹುದಿತ್ತು, ಸಮಯವೂ ಇತ್ತು. ಆದರೆ ಒಂದು ಆಸೆ ಹುಟ್ಟಿಬಿಟ್ಟಿತು: ಹೆಸರು ಹೇಳದೆ ಕೇಳಿಸಿದರೆ ನಾಲ್ಕು ಜನ ಏನನ್ನುತ್ತಾರೆ ನೋಡೋಣ. ಅದನ್ನೇ ತರಗತಿಗೆ ಕೊಟ್ಟರು.

ಹುಡುಗರು ಟೈಪು ಮಾಡಿದರು. ಸೋಲೊಪ್ಪುವ ಕೈಕಾಲು ಬಂದಾಗ ಹಿಂದಿನ ಸಾಲಿನಿಂದ ನಗು ಎದ್ದಿತು. "ಮ್ಯಾಮ್, ಯಾವ ಅಮೆರಿಕನ್ ಡಾಕ್ಟರ್ ಹೀಗೆ ಹೇಳ್ತಾನೆ?" ಎಂದು ಶುಭಂಕರ್ ಕೇಳಿದ. ಆ ತಂಡದ ವಾಚಾಳಿ ಅವನು. ನಗದೆ ಕೂತವಳು ಮೇಧಾ ಒಬ್ಬಳೇ. ಡಮ್ ಡಮ್‌ನ ಕಡೆಯ ಹುಡುಗಿ, ತಂದೆ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಮೈಸೂರಿನವರು. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಬಂಗಾಳಿಯೂ ಇಂಗ್ಲಿಷೂ ಅಡ್ಡ ಬರುತ್ತವೆ. ಅವಳು ಮುಕ್ತಾಬಾಯಿಯನ್ನೇ ನೋಡುತ್ತಿದ್ದಳು.

"ಕೊನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ" ಎಂದರು ಮುಕ್ತಾಬಾಯಿ, ಟೀಚರ ಇಂಗ್ಲಿಷಿನಲ್ಲಿ. "ನಾನು ಕಲಿಸಿದ ಮೂರು ಪದಗಳಲ್ಲಿ ಈ ಹೆಂಗಸಿಗೆ ಯಾವುದು ಸಲ್ಲುತ್ತದೆ?"

"ಡಿಸೀಸ್ ಇಲ್ಲ, ಎಲ್ಲಾ ರಿಪೋರ್ಟ್ ನಾರ್ಮಲ್" ಎಂದಿತು ಒಂದು ದನಿ.

"ಸಿಕ್ ಕೂಡ ಅಲ್ಲ ಮ್ಯಾಮ್, ಅವಳನ್ನು ಸಿಕ್ ಎಂದು ಒಪ್ಪಿದವರು ಯಾರೂ ಇಲ್ಲ."

"ಇಲ್‌ನೆಸ್ ಅನ್ನಬಹುದು, ಅವಳು ಹೇಳುತ್ತಿದ್ದಾಳಲ್ಲ."

"ಹೇಳಿದರೆ ಆಯಿತೇ?" ಎಂದ ಶುಭಂಕರ್. "ಕ್ಯಾಂಟೀನಿನಲ್ಲಿ ಹೋಗುವ ಅನ್ನ ಮನೆಯಲ್ಲಿ ಹೋಗುವುದಿಲ್ಲ ಅಂದರೆ ಅದು ನಾಟಕ ಮ್ಯಾಮ್. ಅಟೆನ್ಶನ್ ಬೇಕು ಆ ಹೆಂಗಸಿಗೆ. ನಮ್ಮ ಸೋದರತ್ತೆ ಪಿಶಿಮಾ ಕೂಡ ಹೀಗೇ, ಜನ ಬಂದರೆ ಸಾಕು, ನರಳುವುದಕ್ಕೆ ಶುರು."

ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕೆಟ್ಟವನಲ್ಲ, ಸರಿಯುತ್ತರ ಹುಡುಕುತ್ತಿದ್ದ ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಬಾರದೆಂದು ಮುಕ್ತಾಬಾಯಿಯೂ ನಕ್ಕರು. ನಕ್ಕು, ಬೋರ್ಡು ಒರೆಸಿ, ಕೈಗೆ ಹತ್ತಿದ ಸೀಮೆಸುಣ್ಣವನ್ನು ಬಹಳ ಹೊತ್ತು ತಿಕ್ಕಿ ತೊಳೆದುಕೊಂಡರು.

ಸಂಜೆ ಸುಮೊದಿಂದ ಇಳಿದವರು ಮನೆಗೆ ಹೋಗಲಿಲ್ಲ. ನೇರ ಓಣಿಯ ಡಾಕ್ಟರ ಬಳಿ ಹೋಗಿ, ಸರ್ಟಿಫಿಕೇಟು ಬೇಕು ಎಂದರು. ಇಂಥ ಮಾತನ್ನು ಜೀವಮಾನದಲ್ಲಿ ಅವರು ಆಡಿರಲಿಲ್ಲ, ಕಿವಿ ಬಿಸಿಯಾಗಿತ್ತು. ಡಾಕ್ಟರಿಗೆ ಮಾತ್ರ ಸಮಾಧಾನವಾಯಿತು.

"ಇಷ್ಟೇನೇ ದೀದಿ? ಮೊದಲೇ ಕೇಳಬಾರದಿತ್ತೇ, ಅಷ್ಟೆಲ್ಲ ಟೆಸ್ಟು ಯಾಕೆ ಮಾಡಿಸಿದಿರಿ?" ಎಂದು ತಮ್ಮ ಬಂಗಾಳಿ ಬೆರೆಸಿದ ಹಿಂದಿಯಲ್ಲಿ ಹೇಳುತ್ತ ಪೆನ್ನು ತೆಗೆದರು. "ಏನು ಬರೆಯಲಿ? ಜಾಂಡೀಸ್ ಬೇಡ, ಕಣ್ಣು ಹಳದಿ ಇದೆಯೇ ಅಂತ ನೋಡುತ್ತಾರೆ. ಮಲೇರಿಯಾ ಅಂದರೆ ಕಾರ್ಪೊರೇಶನ್ನಿನವರು ಹೊಗೆ ಹಾಕಲು ಬರುತ್ತಾರೆ. ಟೈಫಾಯ್ಡ್ ಒಳ್ಳೆಯದು. ಅನುಮಾನ ಪಡುವವರಿಲ್ಲ, ಹೆದರುವವರಿಲ್ಲ, ಮೂರು ವಾರ ವಿಶ್ರಾಂತಿ. ಭದ್ರಲೋಕದ, ಮರ್ಯಾದಸ್ಥರ ಕಾಯಿಲೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ನಮ್ಮವರು ಗಾದೆ ಕಟ್ಟಿದಾಗ ವೈದ್ಯ ರೋಗವನ್ನೂ ಕೈಯಾರೆ ಬಡಿಸಿಯಾನು ಎಂದು ಎಣಿಸಿರಲಿಲ್ಲ. ಮುಕ್ತಾಬಾಯಿ ಟೈಫಾಯ್ಡನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದು, ಬೆಳಿಗ್ಗೆ ಸುಮೊದ ಡ್ರೈವರನ ಕೈಯಲ್ಲಿ ಆಫೀಸಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಮಲಗಿದರು.

ಆಮೇಲೆ ನಡೆದದ್ದನ್ನು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲು ಶ್ರೀವತ್ಸನ ಫೋನು: "ಮೇಡಂ, ಟೈಫಾಯ್ಡ್ ಇಟ್ಕೊಂಡು ಆಫೀಸಿಗೆ ಬರ್ತಿದ್ರಾ? ಒಂದು ಮಾತು ಹೇಳ್ಬಾರ್ದಾ?" ಅವನ ದನಿಯಲ್ಲಿ ನಿಜವಾದ ನೋವಿತ್ತು. ಡ್ರೈವರನ ಬಾಯಿಂದ ಸುದ್ದಿ ಕೇಳಿದ ಕೆಳಗಿನ ಬೌದಿ ಮಧ್ಯಾಹ್ನದ ಹೊತ್ತಿಗೆ ತಿಳಿಸಾರಿನಂಥ ಪಪ್ಪಾಯಿಕಾಯಿಯ ಝೋಲ್ ಮತ್ತು ಮೆತ್ತಗೆ ಕಿವುಚಿದ ಅನ್ನ ತಂದು, ಉಂಡು ಮುಗಿಸುವ ತನಕ ಎದುರಿಗೇ ಕೂತಳು. ಧಾರಾವಾಹಿಯ ಹೊತ್ತು ಮೀರಿದರೂ ಕೂತೇ ಇದ್ದಳು. ಟೈಫಾಯ್ಡ್ ಎಂದು ಕೇಳಿದ್ದೇ ಬಾಲಕೃಷ್ಣನಂತೂ ಫೋನಿನಲ್ಲಿ ಅಳುವ ಹಾಗಾದ. "ನಾ ಎಂಥಾ ಮೂರ್ಖ ಅಕ್ಕಾ, ವಾಕಿಂಗ್ ಹೋಗು ಅಂದ್ನಲ್ಲ" ಎಂದು ಮತ್ತೆ ಮತ್ತೆ ಹೇಳಿದ. ಎರಡು ರಾತ್ರಿ ರೈಲಿನಲ್ಲಿ ಕೂತು ಅವನ ಹೆಂಡತಿ ಕೋಕಿಲಾ ಬಂದಿಳಿದಳು. ಅವಳ ಚೀಲದಲ್ಲಿ ಜೋಳದ ಹಿಟ್ಟು, ಗುರೆಳ್ಳು ಚಟ್ನಿಪುಡಿ, ಜೊತೆಗೆ ಯಾವುದೋ ದೇವರ ಅಂಗಾರ.

ಮುಕ್ತಾಬಾಯಿಗೆ ಈಗ ಸಿಕ್‌ನೆಸ್ ಬಂದಿತ್ತು. ಬೋರ್ಡಿನ ಮೇಲೆ ಬರೆದ ಹಾಗೆಯೇ, ನಾಲ್ಕು ಜನ ಕೂಡಿ ಕೊಟ್ಟ ಸಿಕ್‌ನೆಸ್. ಇಲ್‌ನೆಸ್ ಮಾತ್ರ ಎಲ್ಲಿ ಹೋಯಿತೋ! ಎದೆಯ ಮೇಲಿನ ಭಾರ ಎರಡನೆಯ ದಿನವೇ ಸರಿಯಿತು. ತುತ್ತು ಬೆಣ್ಣೆಯಂತೆ ಇಳಿಯತೊಡಗಿತು. ತರಗತಿಯ ಹುಡುಗರು ಒಂದು ಸಂಜೆ ಸುಮೊ ತುಂಬಿಕೊಂಡು ಬಂದು ನೆಲದ ಮೇಲೆಲ್ಲ ಕೂತರು. ಶುಭಂಕರ್ ತಾನೇ ಹೋಗಿ ಎಳನೀರು ತಂದ. ಕೋಕಿಲಾ ಅವರಿಗೆಲ್ಲ ಚಿತ್ರಾನ್ನ ಕಲಸಿಕೊಟ್ಟಳು, ಮುಕ್ತಾಬಾಯಿ ಅವರ ನಡುವೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡರು. ಮೇಧಾ ಬರಲಿಲ್ಲ. ಬಂದವರ ಮುಖಗಳಲ್ಲಿ ಅವಳ ಮುಖ ಹುಡುಕಿ, ನಮ್ಮ ಭಾಷೆಯ ಹುಡುಗಿಯೇ ಬರಲಿಲ್ಲವಲ್ಲ ಎಂದು ಮುಕ್ತಾಬಾಯಿಗೆ ಚುರುಕ್ಕೆಂದಿತು. ಮುಂದೆಯೂ ಅವಳು ಬರಲಿಲ್ಲ, ಫೋನನ್ನೂ ಮಾಡಲಿಲ್ಲ.

ಒಂದು ಮಧ್ಯಾಹ್ನ ಕೋಕಿಲಾ ಅವರ ತಲೆಗೆ ಎಣ್ಣೆ ಹಚ್ಚುತ್ತ, ಮೆತ್ತಗೆ ಸಿಕ್ಕು ಬಿಡಿಸುತ್ತ ಕೂತಿದ್ದಳು. ಬೆರಳುಗಳ ಬಿಸಿ ನೆತ್ತಿಗೆ ಹತ್ತುತ್ತಿದ್ದ ಹಾಗೆ ಮುಕ್ತಾಬಾಯಿಗೆ, ಹೇಳಿಬಿಡಬೇಕು ಇವಳಿಗೆ ಅನ್ನಿಸಿತು.

"ಕೋಕಿಲಾ."

"ಏನಕ್ಕಾ?"

"ನನಗ ಜ್ವರಾ ಇಲ್ಲದಿದ್ರೂ ನೀ ಬರ್ತಿದ್ದೇನು?"

ಕೋಕಿಲಾ ನಕ್ಕಳು. "ಅಯ್ಯ, ಜ್ವರಾ ಇಲ್ಲದs ಯಾಕ ಬರ್ಲಿ ಅಕ್ಕಾ? ಮಕ್ಕಳ ಸಾಲಿ, ನಿಮ್ಮ ತಮ್ಮನ ಡಬ್ಬಿ, ಮನಿ ಬಿಟ್ಟು ಹೊರಬೀಳೋದು ಅಂದ್ರ ಆಗ್ತದೇನು? ಜಡ್ಡು ಅಂದ್ರು, ಓಡಿ ಬಂದೆ."

ಮುಕ್ತಾಬಾಯಿ ಬಾಚಣಿಗೆ ತೆಗೆದು ಹಿಂದಕ್ಕೆ ಅವಳ ಕೈಗೆ ಕೊಟ್ಟರು. ಮೂರನೆಯ ವಾರ ಡಾಕ್ಟರು ಇನ್ನೊಂದು ಕಾಗದದ ಮೇಲೆ ಈಗ ಪೂರ್ಣ ಗುಣ ಎಂದು ಬರೆದುಕೊಟ್ಟರು. ಕೋಕಿಲಾ ಅಂಗಾರವನ್ನು ದೇವರ ಮುಂದಿಟ್ಟು ಹೌರಾದಲ್ಲಿ ರೈಲು ಹತ್ತಿದಳು. ಬೌದಿ ತನ್ನ ಪಾತ್ರೆಗಳನ್ನು ಎಣಿಸಿ ಒಯ್ದಳು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. "ನೋಡಿದ್ರಾ ಮೇಡಂ, ಒಂದು ಸರ್ಟಿಫಿಕೇಟ್ ತಂದ್ರಿ, ಎಲ್ಲ ಸರಿ ಹೋಯ್ತು" ಎಂದು ಶ್ರೀವತ್ಸ ಸಂತೋಷದಿಂದ ಹೇಳಿದ. ಕೆಲಸ ಉಳಿಯಿತು.

ಮಾರ್ಗಶಿರದ ಚಳಿ ಬೀಳುವುದರೊಳಗೆ ಭಾರ ಮರಳಿ ಬಂತು. ಈ ಸಲ ತನ್ನ ಜಾಗ ಗೊತ್ತಿದ್ದ ಅತಿಥಿಯ ಹಾಗೆ ಸೀದಾ ಬಂದು ಎದೆಯ ಮೇಲೆ ಕೂತಿತು. ಮೊದಲು ಹೇಳಿಕೊಂಡರೆ ನಂಬುವವರಿರಲಿಲ್ಲ, ಈಗ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಒಮ್ಮೆ ಬಾಲಕೃಷ್ಣನ ಕಿವಿಗೆ ಹಾಕಿದ್ದಕ್ಕೆ, "ಟೈಫಾಯ್ಡ್ ಆದಮ್ಯಾಲೆ ಒಂದಿಷ್ಟು ದಿವಸ ಹಂಗs ಇರ್ತದಕ್ಕಾ, ಹೋಗ್ತದ ಬಿಡು" ಎಂದ. ಇರದ ರೋಗಕ್ಕೆ ಇದ್ದ ನೋವೂ ಜಮೆಯಾಗಿಹೋಯಿತು. ಮತ್ತೆ ಡಾಕ್ಟರ ಬಳಿ ಹೋಗಿ ಇನ್ನೊಂದು ಹೆಸರು ಬರೆಸಿಕೊಳ್ಳಬಹುದಿತ್ತು. ಆ ಓಣಿಯ ತಿರುವಿನಲ್ಲಿ ಒಂದೆರಡು ಸಲ ನಿಂತೂ ನಿಂತರು. ಕಾಲು ಒಳಗೆ ಹೋಗಲಿಲ್ಲ. ಬಂದವರೆಲ್ಲ ಟೈಫಾಯ್ಡನ್ನು ನೋಡಲು ಬಂದಿದ್ದರು, ತನ್ನನ್ನು ನೋಡಲು ಯಾರೂ ಬಂದಿರಲಿಲ್ಲ ಎಂಬುದು ಅಷ್ಟರಲ್ಲಿ ಅವರಿಗೆ ತಿಳಿದುಹೋಗಿತ್ತು. ತಿಳಿದ ಮೇಲೆ ಮೊದಲಿಗಿಂತ ಹೆಚ್ಚು ಒಂಟಿಯಾದರು. ಕ್ಯಾಂಟೀನಿನಲ್ಲೂ ಈಗ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುತ್ತಿದ್ದರು. ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದರು.

ಒಂದು ಭಾನುವಾರ ಮಧ್ಯಾಹ್ನಕ್ಕೆ ಮುಂಚೆ ಬಾಗಿಲು ಬಡಿದ ಸದ್ದಾಯಿತು. ಬೌದಿ ಇರಬೇಕೆಂದು ತೆಗೆದರೆ ಮೇಧಾ. ಡಮ್ ಡಮ್‌ನಿಂದ ಟಾಲಿಗಂಜಿನ ತನಕ ಮೆಟ್ರೊ, ಅಲ್ಲಿಂದ ಆಟೊ, ಆಮೇಲೆ ದಾರಿ ಕೇಳುತ್ತ ಕೇಳುತ್ತ ನಡಿಗೆ. ಹಣೆಯ ಮೇಲೆ ಬೆವರಿತ್ತು. ಕೈಯಲ್ಲಿ ಏನೂ ಇರಲಿಲ್ಲ, ಹಣ್ಣಿಲ್ಲ, ಹಾರ್ಲಿಕ್ಸ್ ಇಲ್ಲ.

ಮುಕ್ತಾಬಾಯಿಯ ಒಳಗಿದ್ದ ಮುನಿಸು ಮೊದಲು ಬಾಯಿಗೆ ಬಂತು. "ಅವಾಗ ಎಲ್ಲಾರೂ ಬಂದ್ರು, ನೀ ಒಬ್ಬಾಕಿ ಬರಲಿಲ್ಲ. ಈಗ್ಯಾಕ ಬಂದಿಯವಾ? ಜ್ವರಾ ಬಿಟ್ಟು ಭಾಳ ದಿವಸಾತು. ಈಗ ನನಗೇನೂ ಆಗಿಲ್ಲ."

ಮೇಧಾ ಚಪ್ಪಲಿ ಬಿಡುತ್ತ, ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. "ಆಂಟಿ, ಆವಾಗ ನೀವು ಚೆನ್ನಾಗಿದ್ರಿ. ಶುಭಂಕರ್ ಎಲ್ಲ ಬಂದು ಹೇಳಿದ್ರು, ಮ್ಯಾಮ್ ಎರಡು ಸಲ ರೈಸ್ ತಗೊಂಡ್ರು, ತುಂಬಾ ನಗ್ತಿದ್ರು ಅಂತ. ಅದಕ್ಕೆ ಬರ್ಲಿಲ್ಲ. ನಾನು ಬಂದ್ರೆ... ನನ್ಹತ್ರ ಟೈಫಾಯ್ಡ್ ನಾಟಕ ಮಾಡ್ಬೇಕಾಗ್ತಿತ್ತು ನೀವು." ಅವಳು ತಲೆಯೆತ್ತಿದಳು. "ಈಗ ಕ್ಯಾಂಟೀನಲ್ಲೂ ಅರ್ಧ ಪ್ಲೇಟ್ ಬಿಡ್ತೀರಿ. ನಿಮಗೆ ಹುಷಾರಿಲ್ಲ. ಅದಕ್ಕೆ ಬಂದೆ."

ಮುಕ್ತಾಬಾಯಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಇಲ್ಲ, ನಾನು ಗಟ್ಟಿಯಾಗಿದ್ದೇನೆ ಎಂದು ಹೇಳಲು ಬಾಯಿ ತೆರೆದರು. ಬಂದದ್ದು ಅಳು. ರಾಯರು ಹೋದಾಗ ಜನರ ಎದುರಿಗೆ ಅತ್ತದ್ದಕ್ಕಿಂತ ಜೋರಾಗಿ, ನಾಚಿಕೆ ಬಿಟ್ಟು, ಬಾಗಿಲಲ್ಲೇ ನಿಂತು ಅತ್ತರು. ಅಳುವ ದೊಡ್ಡವರನ್ನು ಏನು ಮಾಡಬೇಕೆಂದು ಮೇಧಾಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತಳು, ಆಮೇಲೆ ಮೆಲ್ಲಗೆ ಅವರನ್ನು ಒಳಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿ, ತಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಏನಾಗುತ್ತಿದೆ ಎಂದು ಕೇಳಲಿಲ್ಲ. ಅದನ್ನೆಲ್ಲ ಅವಳು ಒಮ್ಮೆ ಕಿವಿಗೊಟ್ಟು ಕೇಳಿ ಟೈಪು ಮಾಡಿದ್ದಳು.

"ಸಂಜೆ ತನಕ ಇರ್ತೀನಿ ಆಂಟಿ" ಎಂದಳು. "ಆಮೇಲೆ ಹೋಗ್ಬೇಕು, ಮನೇಲಿ ಬಾಬಾ... ಅಪ್ಪ ಕಾಯ್ತಾರೆ."

ಹೋಗಬೇಕು ಎಂಬುದು ಮುಕ್ತಾಬಾಯಿಗೂ ಗೊತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಎಂದರು. ಕೆಳಗೆ ಬೌದಿಯ ಮನೆಯ ಟಿ.ವಿ. ಮಾತಾಡುತ್ತಿತ್ತು. ಕಿಟಕಿಯ ಬಿಸಿಲು ಇನ್ನೂ ನೆಲದ ಮೇಲೆಯೇ ಇತ್ತು, ಗೋಡೆಯನ್ನು ಏರಿರಲಿಲ್ಲ, ಸಂಜೆಗೆ ಬಹಳ ಹೊತ್ತಿತ್ತು.